ವರ್ಣಮಾಲೆಯೂ ಕಂಠದ ನರಗಳೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತಾಗಲೆಲ್ಲ ನಾನು ಕಾವ್ಯದ ಮಾತನ್ನೋ ವ್ಯಾಕರಣದ ಮಾತನ್ನೋ ಆಡಿದವನು. ಈ ಸಲ ಕಾರ್ಯದರ್ಶಿಗಳು ಮನೆಗೆ ಬಂದು, "ವಿಷಯವೇನು, ಪಂಡಿತರೆ?" ಎಂದು ಕೇಳಿದಾಗ "ಕಂಠ" ಎಂದೆ. ಅವರು ಸಂಗೀತದ ವಿಚಾರವಿರಬೇಕೆಂದು ಭಾವಿಸಿ ಬಹಳ ಸಂತೋಷಪಟ್ಟು ಹೊರಟುಹೋದರು. ಅವರ ಸಂತೋಷವನ್ನು ಕೆಡಿಸಿದ್ದಕ್ಕಾಗಿ ಮೊದಲು ಕ್ಷಮೆ ಬೇಡುತ್ತೇನೆ. ನಾನು ಹೇಳಹೊರಟಿರುವುದು ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು, ರೋಗದಿಂದ ಬಿಡುಗಡೆ ಹೊಂದಿ, ಇನ್ನು ಭಯವಿಲ್ಲವೆಂದು ನೆಮ್ಮದಿಯಿಂದಿರುವವರಿಗೆ ಎಷ್ಟೋ ವರ್ಷಗಳು ಕಳೆದ ಮೇಲೆ ಕಾಣಿಸಿಕೊಳ್ಳುವ ಒಂದು ತೊಂದರೆಯ ವಿಷಯ. ವೈದ್ಯನಲ್ಲದ ಕನ್ನಡ ಪಂಡಿತನೊಬ್ಬನು ಇದನ್ನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ವಿಷಯವು ನಾನು ಹುಡುಕಿಕೊಂಡು ಹೋದುದಲ್ಲ. ಅದೇ ನಮ್ಮ ಮನೆಯ ಜಗಲಿಗೆ ಬಂದು ಕುಳಿತಿತು. ಅದನ್ನು ಅರ್ಥಮಾಡಿಕೊಳ್ಳುವುದಕ್ಕೆ ನನಗೆ ಕಟ್ಟಕಡೆಗೆ ನೆರವಾದುದು ನಾನು ಕಲಿತಿದ್ದ ಒಂದೇ ವಿದ್ಯೆ, ವರ್ಣಮಾಲೆ.

ನನ್ನ ಸೋದರಮಾವನವರನ್ನು ಇಲ್ಲಿರುವ ಅನೇಕ ಹಿರಿಯರು ಬಲ್ಲರು. ಅವರು ತಳಿಯ ಸಮೀಪದ ಒಂದು ಹಳ್ಳಿಯ ಬೇಸಾಯಗಾರರು. ರಾಗಿ, ಅವರೆ, ಹುರುಳಿ ಅವರ ಜೀವನ. ಶ್ರಾವಣಮಾಸದ ರಾತ್ರಿಗಳಲ್ಲಿ ಕುಮಾರವ್ಯಾಸನ ಭಾರತದ ವಾಚನ ಅವರ ಆನಂದ. ನಮ್ಮ ಭಾಗದ ಸ್ಥಿತಿ ತಮಗೆ ತಿಳಿದೇ ಇದೆ. ಒಂದು ಬೀದಿಯಲ್ಲಿ ಕನ್ನಡ, ಮುಂದಿನ ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು. ಅವರು ವಾಚನಕ್ಕೆ ಕುಳಿತರೆ ಮೂರು ಭಾಷೆಯವರೂ ಬಂದು ಕೂಡುತ್ತಿದ್ದರು. ಪದ್ಯ ಅರ್ಥವಾಗದವರಿಗೆ ರಾಗ ಅರ್ಥವಾಗುತ್ತಿತ್ತು. ನಾನು ವಿದ್ವಾನ್ ಪರೀಕ್ಷೆಗೆ ಕಟ್ಟುವ ಮೊದಲೇ ಭಾಮಿನಿ ಷಟ್ಪದಿಯ ನಡೆಯನ್ನು ಕಲಿತದ್ದು ಅವರ ಮಗ್ಗುಲಲ್ಲಿ ಕುಳಿತು, ದೀಪದ ಬತ್ತಿಯನ್ನು ಮುಂದೂಡುತ್ತ.

ಅವರಲ್ಲಿದ್ದ ಒಂದೇ ದುರಭ್ಯಾಸವೆಂದರೆ ಎಲೆಯಡಿಕೆಯೊಡನೆ ಹೊಗೆಸೊಪ್ಪು. ೨೦೦೯ರಲ್ಲಿ ಅವರ ಕತ್ತಿನ ಎಡಭಾಗದಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲದ ಗಂಟಾದ್ದರಿಂದ ಮೂರು ತಿಂಗಳು ಹಾಗೆಯೇ ಬಿಟ್ಟರು. ಕಡೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಹುಟ್ಟಿ ಕತ್ತಿನ ಗಂಟಿಗೆ ಇಳಿದಿದೆಯೆಂದು ತಿಳಿಯಿತು. ವಾರಕ್ಕೆ ೫ ದಿನದಂತೆ ೭ ವಾರಗಳಲ್ಲಿ ೩೫ ಸಲ ವಿಕಿರಣ ಕೊಡಲಾಯಿತು. ಬಾಯೆಲ್ಲ ಹುಣ್ಣಾಗಿ, ರುಚಿ ಕೆಟ್ಟು, ಜೊಲ್ಲು ಬತ್ತಿ, ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಆದರೂ ಉಳಿದರು. ಮರುವರ್ಷದ ಶ್ರಾವಣದಲ್ಲಿ, ಪಕ್ಕದಲ್ಲಿ ನೀರಿನ ಚೆಂಬು ಇಟ್ಟುಕೊಂಡು, ಮತ್ತೆ ವಾಚನಕ್ಕೆ ಕುಳಿತರು. "ಕರೆಂಟು ಇಡಿಸಿಕೊಂಡು ಬಂದವರು ಇಷ್ಟು ಚೆನ್ನಾಗಿ ಓದುತ್ತಾರಲ್ಲ!" ಎಂದು ಊರೇ ಬೆರಗಾಯಿತು.

ಈ 'ಕರೆಂಟು' ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅಲ್ಲಿ ದೇಹದೊಳಕ್ಕೆ ವಿದ್ಯುತ್ತು ಹರಿಯುವುದಿಲ್ಲ. ಕಣ್ಣಿಗೆ ಕಾಣದ ಕಿರಣಗಳನ್ನು ಅಳತೆಮಾಡಿ ಗಂತಿಯ ಮೇಲೆ ಬಿಡುತ್ತಾರೆ. ಅವು ಜೀವಕೋಶಗಳ ಬೆಳವಣಿಗೆಯ ಬೀಜವನ್ನೇ ಮುರಿಯುತ್ತವೆ. ಶ್ರೀರಾಮಕೃಷ್ಣ ಪರಮಹಂಸರು ೧೮೮೬ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ದೇಹಬಿಟ್ಟಾಗ ಇಂಥ ಕಿರಣವೊಂದಿದೆಯೆಂದು ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ರೋಂಟ್ಗೆನ್ ಎಂಬಾತನು ಎಕ್ಸ್ ಕಿರಣವನ್ನು ಕಂಡುದು ೧೮೯೫ರಲ್ಲಿ. ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದುದು ೧೮೯೮ರಲ್ಲಿ. ಕೋಬಾಲ್ಟ್ ಯಂತ್ರದಿಂದ ರೋಗಿಗಳಿಗೆ ಚಿಕಿತ್ಸೆ ಮೊದಲಾದುದು ೧೯೫೧ರಲ್ಲಿ, ಕೆನಡಾ ದೇಶದಲ್ಲಿ. ನಮ್ಮ ರಾಜ್ಯದ ರಾಜಧಾನಿಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಅಡಯಾರಿನ ಕ್ಯಾನ್ಸರ್ ಸಂಸ್ಥೆ ೧೯೫೪ರಲ್ಲಿ ಪ್ರಾರಂಭವಾಯಿತು. ನಮಗೆ ಹತ್ತಿರವಾದ ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿ ಸ್ಥಾಪಿತವಾಯಿತು. ಹೊಸೂರಿನಿಂದ ಹೊರಟ ಬಸ್ಸು ಅತ್ತಿಬೆಲೆಯ ಗಡಿಯನ್ನು ದಾಟಿ ಬೆಂಗಳೂರನ್ನು ಹೊಕ್ಕರೆ ನಮ್ಮ ಊರಿನ ಹೆಸರನ್ನೇ ಹೊತ್ತ ರಸ್ತೆಯಲ್ಲಿ ಕಿದ್ವಾಯಿ ಸಂಸ್ಥೆಯೂ ನಿಮ್ಹಾನ್ಸ್ ಸಂಸ್ಥೆಯೂ ನೆರೆಹೊರೆಯಾಗಿ ನಿಂತಿವೆ. ಒಂದು ಕ್ಯಾನ್ಸರಿಗೆ, ಇನ್ನೊಂದು ಮೆದುಳು ನರಗಳಿಗೆ. ನನ್ನ ಇಂದಿನ ವಿಷಯವು ಈ ಎರಡು ಮನೆಗಳ ನಡುವಣ ಗೋಡೆಯ ಮೇಲೆ ನಿಂತಿದೆ ಎಂದರೂ ಸಲ್ಲುತ್ತದೆ.

ಚಿಕಿತ್ಸೆಯಾಗಿ ೮ ವರ್ಷಗಳು ಕಳೆದುವು. ೨೦೧೭ರಲ್ಲಿ ಮಾವನವರಿಗೆ ಊಟದ ನಡುವೆ ನೆತ್ತಿಗೆ ಹತ್ತುವುದು ಮೊದಲಾಯಿತು. ಮೊದಲು ನೀರು ಕುಡಿದಾಗ, ಆಮೇಲೆ ಮಜ್ಜಿಗೆ, ತಿಳಿಸಾರು. ನೆತ್ತಿಗೆ ಹತ್ತಿದರೆ ನಾವೇನು ಹೇಳುತ್ತೇವೆ? "ಯಾರೋ ನೆನೆಸಿಕೊಂಡರು" ಎನ್ನುತ್ತೇವೆ, ನೆತ್ತಿಯನ್ನು ತಟ್ಟುತ್ತೇವೆ. ಅತ್ತೆಯವರೂ ಅದನ್ನೇ ಮಾಡಿದರು. "ನಿಮ್ಮನ್ನು ಈ ಊರಿನಲ್ಲಿ ಬಹಳ ಜನ ನೆನೆಯುತ್ತಾರೆ" ಎಂದು ಮಕ್ಕಳೂ ನಕ್ಕರು, ನಾನೂ ನಕ್ಕೆ. ಆ ನಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಅಷ್ಟರಲ್ಲಿ ಅವರು ಮದುವೆ ಮನೆಯ ಪಂಕ್ತಿಯಲ್ಲಿ ಕೂಡುವುದನ್ನು ಬಿಟ್ಟರು. ಮನೆಯಲ್ಲಿಯೂ ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಒಂದು ಗಂಟೆಯ ಹೊತ್ತು ಉಣ್ಣತೊಡಗಿದರು. ಕೇಳಿದರೆ, "ಏನೂ ಇಲ್ಲ ಕಣಪ್ಪ, ವಯಸ್ಸಾಯಿತು" ಎಂದು ತೇಲಿಸುತ್ತಿದ್ದರು. ಹೆಗಲ ಮೇಲಿನ ವಲ್ಲಿ ಎಡಗಡೆಗೆ ಜಾರಿ ಜಾರಿ ಬೀಳುತ್ತಿದ್ದುದನ್ನು ನಾವು ಕಂಡೆವು, ಆದರೆ ಅದರ ಅರ್ಥವನ್ನು ಕಾಣಲಿಲ್ಲ.

ಇದಾದ ಮೇಲೆ ಒಂದು ವಿಚಿತ್ರ ನಡೆಯಿತು. ೨೦೧೯ರ ಬೇಸಗೆಯಲ್ಲಿ ನೆತ್ತಿಗೆ ಹತ್ತುವುದು ತಾನಾಗಿಯೇ ನಿಂತಿತು. ಅತ್ತೆಯವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಎರಡು ತಿಂಗಳಿಗೆ ಚಳಿಜ್ವರ ಬಂದಿತು, ಎದೆಯಲ್ಲಿ ಕಫ ಕಟ್ಟಿತು, ನ್ಯುಮೋನಿಯಾ ಎಂದರು. ಅದು ವಾಸಿಯಾಗಿ ಮೂರು ವಾರಕ್ಕೆ ಮತ್ತೆ ಬಂದಿತು. ಒಬ್ಬ ವೈದ್ಯರು ವಯಸ್ಸಿನ ದೋಷವೆಂದರು, ಮತ್ತೊಬ್ಬರು ಸಣ್ಣ ಲಕ್ವ ಹೊಡೆದಿರಬಹುದೆಂದರು. ಬಂಧುಗಳು ಮಾತ್ರ ಯಾರ ಮಾತಿಗೂ ಕಾಯದೆ ಹಳೆಯ ರೋಗ ಮರುಕಳಿಸಿತೆಂದು ತೀರ್ಮಾನ ಮಾಡಿ, ನೋಡಿಹೋಗಲು ಬರತೊಡಗಿದರು. ಬದುಕಿರುವ ಮನುಷ್ಯನೆದುರಿಗೆ ತಗ್ಗಿದ ದನಿಯಲ್ಲಿ ಮಾತನಾಡುವ ಬಂಧುಗಳಿಗಿಂತ ದೊಡ್ಡ ಶಿಕ್ಷೆಯನ್ನು ನಾನು ಕಾಣೆ.

ಕಡೆಗೆ ಬೆಂಗಳೂರಿನಲ್ಲಿ ಒಬ್ಬ ತರುಣ ವೈದ್ಯೆ ಮಾಡಿದ ಮೊದಲ ಕೆಲಸವೆಂದರೆ, "ತಾತ, ನಾಲಗೆ ಚಾಚಿ" ಎಂದುದು. ನಾಲಗೆ ನೇರವಾಗಿ ಬರಲಿಲ್ಲ, ಎಡಕ್ಕೆ ಓರೆಯಾಯಿತು. ಎಡಭಾಗ ಸುಕ್ಕಿ ತೆಳುವಾಗಿತ್ತು, ಅದರ ಮೈಮೇಲೆ ಹುಳು ಹರಿದಂತೆ ಸಣ್ಣ ಮಿಡಿತವಿತ್ತು. ಆಕೆ ಹಳೆಯ ಚಿಕಿತ್ಸೆಯ ಕಾಗದಗಳನ್ನು ಕೇಳಿದಳು. ಅತ್ತೆಯವರ ಟ್ರಂಕಿನಲ್ಲಿ, ಜಮೀನಿನ ಪತ್ರಗಳ ಜೊತೆಯಲ್ಲಿ, ಅವು ಭದ್ರವಾಗಿದ್ದುವು. ಎಂ.ಆರ್.ಐ. ಪರೀಕ್ಷೆಯಾಯಿತು, ಮೂಗಿನ ಮೂಲಕ ಸಣ್ಣ ದುರ್ಬೀನನ್ನು ಇಳಿಸಿ ಧ್ವನಿಪೆಟ್ಟಿಗೆಯನ್ನು ನೋಡಿದರು, ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್ ಕಿರಣದ ಚಲನಚಿತ್ರ ತೆಗೆದರು. ಕ್ಯಾನ್ಸರ್ ಎಲ್ಲಿಯೂ ಇರಲಿಲ್ಲ, ಲಕ್ವವೂ ಅಲ್ಲ. ಹತ್ತು ವರ್ಷಗಳ ಹಿಂದೆ ಪ್ರಾಣ ಉಳಿಸಿದ ಕಿರಣವೇ ಕತ್ತಿನ ನರಗಳನ್ನು ಮೆಲ್ಲಮೆಲ್ಲನೆ ಸೊರಗಿಸಿತ್ತು. ಬೇಸಗೆಯಲ್ಲಿ ನೆತ್ತಿಗೆ ಹತ್ತುವುದು ನಿಂತದ್ದೂ ಗುಣವಾದುದರಿಂದಲ್ಲ. ಗಂಟಲಿನ ಸ್ಪರ್ಶಜ್ಞಾನವೇ ಹೋಗಿ, ತಪ್ಪುದಾರಿ ಹಿಡಿದ ನೀರನ್ನು ಕೆಮ್ಮಿ ಹೊರದೂಡುವ ಕಾವಲುಗಾರನು ಮಲಗಿಬಿಟ್ಟಿದ್ದನು. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ನಾವು ದೀಪ ಹಚ್ಚಿದುದು ಆ ದಿನಗಳಲ್ಲಿಯೇ.

ಇನ್ನು ವರ್ಣಮಾಲೆಗೆ ಬರುತ್ತೇನೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ, ಜೀವನ ಇಚ್ಛೆಯಿಂದ ನಾಭಿಮೂಲದಲ್ಲಿ ಏಳುವ ಗಾಳಿಯನ್ನು ಕಹಳೆಗೆ ಹೋಲಿಸುತ್ತಾನೆ. ಆ ಕಹಳೆಯ ದನಿಯನ್ನು ಅಕ್ಷರಗಳಾಗಿ ಕತ್ತರಿಸುವ ಸ್ಥಾನಗಳನ್ನು ನಮ್ಮ ಪೂರ್ವಿಕರು ಗಂಟಲಿನಿಂದ ತುಟಿಯವರೆಗೆ ಕ್ರಮವಾಗಿ ಜೋಡಿಸಿದರು: ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಕ ಚ ಟ ತ ಪ ಎಂದು ಒಂದನೆಯ ತರಗತಿಯ ಮಗು ಹಾಡುವಾಗ ಅದು ತನ್ನ ಬಾಯೊಳಗೆ ಹಿಂದಿನಿಂದ ಮುಂದಕ್ಕೆ ಒಂದು ಯಾತ್ರೆಯನ್ನೇ ಮಾಡುತ್ತದೆ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು ೧೨ ಜೊತೆ. ಅವುಗಳಲ್ಲಿ ಕೆಳಗಿನ ನಾಲ್ಕು, ಎಂದರೆ ೯, ೧೦, ೧೧, ೧೨ನೆಯವು, ಕತ್ತಿನಲ್ಲಿ ಹಾದು ನಾಲಗೆ, ಗಂಟಲು, ಧ್ವನಿಪೆಟ್ಟಿಗೆ, ಹೆಗಲುಗಳಿಗೆ ಹೋಗುತ್ತವೆ. ಗಂಟಲಿನ ಕ್ಯಾನ್ಸರಿಗೆ ಕಿರಣ ಬಿಡುವುದೂ ಆ ಕತ್ತಿಗೇ.

ಹನ್ನೆರಡನೆಯದು ನಾಲಗೆಯ ನರ. ಅದು ಸೊರಗಿದರೆ ಮೊದಲು ಕೆಡುವುದು ಮೂರ್ಧನ್ಯಗಳು. ಟ, ಡ, ಣ, ಳ. ಏಕೆಂದರೆ ನಾಲಗೆಯ ತುದಿಯನ್ನು ಮೇಲಕ್ಕೆ ಮಡಿಸುವುದಕ್ಕೆ ಬೇಕಾಗುವಷ್ಟು ಚಾತುರ್ಯ ಬೇರೆ ಅಕ್ಷರಗಳಿಗೆ ಬೇಡ. ಮಾವನವರ 'ಬೆಳಕು' ಮೊದಲು 'ಬೆಲಕು' ಆದಾಗ ನಾನು, ಶಾಲೆಯ ಮಾಸ್ತರನ ಅಹಂಕಾರದಿಂದ, ಹಲ್ಲು ಬಿದ್ದುದರ ಫಲವೆಂದು ತಿಳಿದೆ. ಹಲ್ಲು ಹೋದರೆ ದಂತ್ಯ ಕೆಡಬೇಕಲ್ಲದೆ ಮೂರ್ಧನ್ಯ ಏಕೆ ಕೆಡಬೇಕು? ಪಾಠ ಹೇಳುವವನಿಗೇ ಪಾಠ ಮರೆತಿತ್ತು. ನಾಲಗೆ ಎಡಕ್ಕೆ ಓರೆಯಾದುದೇಕೆಂದರೆ, ಜೋಡಿ ಎತ್ತುಗಳಲ್ಲಿ ಒಂದು ಸೋತಾಗ ಗಾಡಿ ಸೋತ ಎತ್ತಿನ ಕಡೆಗೇ ತಿರುಗುವುದಿಲ್ಲವೆ? ಹಾಗೆ ಬಲಭಾಗದ ಗಟ್ಟಿ ಸ್ನಾಯುವು ನಾಲಗೆಯನ್ನು ಎಡಕ್ಕೆ ತಳ್ಳುತ್ತಿತ್ತು.

ಹತ್ತನೆಯ ನರಕ್ಕೆ ವೇಗಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ ಎಂದರ್ಥ. ಕತ್ತು, ಎದೆ, ಹೊಟ್ಟೆಗಳವರೆಗೂ ಅಲೆಯುವುದರಿಂದ ಆ ಹೆಸರು ಅನ್ವರ್ಥವಾಗಿದೆ. ಅದರ ಒಂದು ಕವಲು ಎಡಗಡೆಯಲ್ಲಿ ಎದೆಯೊಳಕ್ಕೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಘೋಷ, ಅಘೋಷ ಎಂದು ನಾವು ವಿಂಗಡಿಸುವುದು ಧ್ವನಿತಂತುಗಳು ಮಿಡಿಯುತ್ತವೆಯೋ ಇಲ್ಲವೋ ಎಂಬುದನ್ನು ನೋಡಿ. ಒಂದು ತಂತು ಅಲುಗದೆ ನಿಂತರೆ ನಡುವೆ ಸಂದು ಉಳಿದು ಉಸಿರು ಸೋರುತ್ತದೆ. ಅಲ್ಪಪ್ರಾಣಗಳೆಲ್ಲವೂ ಮಹಾಪ್ರಾಣಗಳಂತೆ ಕೇಳಿಸುತ್ತವೆ. ನಮ್ಮ ಗಡಿನಾಡಿನ ಮಕ್ಕಳ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲವೆಂದು, ತಮಿಳಿನ ಸಹವಾಸವೇ ಇದಕ್ಕೆ ಕಾರಣವೆಂದು, ನಾನು ಇಪ್ಪತ್ತು ವರ್ಷಗಳಿಂದ ಗೊಣಗುತ್ತ ಬಂದಿದ್ದೇನೆ. ಮಾವನವರು ಒಂದು ದಿನ ಹಲಗೆಯ ಮೇಲೆ ಬರೆದು ತೋರಿಸಿದರು: "ನಿನ್ನ ಮಕ್ಕಳಿಗೆ ಬೇಕಾದರೆ ನನ್ನಲ್ಲಿ ಬೇಕಾದಷ್ಟು ಮಹಾಪ್ರಾಣ ಇದೆ, ಕೊಂಡುಹೋಗು."

ಅಂಗುಳಿನ ಹಿಂಭಾಗವನ್ನು ಎತ್ತುವುದೂ ಬಹುಮಟ್ಟಿಗೆ ಈ ಅಲೆಮಾರಿಯ ಕೆಲಸವೇ. ಅದು ಬಲಗುಂದಿದವರಲ್ಲಿ ಗಾಳಿ ಮೂಗಿಗೆ ನುಗ್ಗಿ, ವರ್ಗದ ಇತರ ಅಕ್ಷರಗಳು ಐದನೆಯ ಅನುನಾಸಿಕದ ಕಡೆಗೆ ವಾಲುತ್ತವೆ. ಕುಡಿದ ನೀರು ಮೂಗಿನಲ್ಲಿ ಬರುವುದೂ ಉಂಟು. ತುಟಿಗಳ ನರ ಏಳನೆಯದು. ಅದು ಸಾಮಾನ್ಯವಾಗಿ ಈ ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ಆದುದರಿಂದ ಮಗು ಮೊದಲು ಕಲಿಯುವ 'ಅಮ್ಮ' ಎಂಬುದು ಮಾವನವರ ಬಾಯಲ್ಲಿ ಇಂದಿಗೂ ಅಚ್ಚಳಿಯದೆ ಇದೆ. ಹನ್ನೊಂದನೆಯದು ಹೆಗಲನ್ನು ಎತ್ತುವ ನರ; ಅಕ್ಷರಗಳಿಗೂ ಅದಕ್ಕೂ ಸಂಬಂಧವಿಲ್ಲ. ಜಾರುತ್ತಿದ್ದ ವಲ್ಲಿಯು ಅದರ ಕಥೆಯನ್ನೇ ಹೇಳುತ್ತಿತ್ತು.

ಇಷ್ಟು ತಡವಾಗಿ ಏಕೆ ಎಂದು ತಾವು ಕೇಳಬಹುದು. ಬಾಯಿಯ ಒಳಪೊರೆ, ಚರ್ಮ ಇವುಗಳ ಕೋಶಗಳು ದಿನದಿನವೂ ಹುಟ್ಟಿ ಸಾಯುವಂಥವು. ಆದುದರಿಂದ ಕಿರಣದ ಪೆಟ್ಟು ಅವುಗಳಲ್ಲಿ ವಾರಗಳಲ್ಲಿಯೇ ಹುಣ್ಣಾಗಿ ತೋರುತ್ತದೆ, ತಿಂಗಳುಗಳಲ್ಲಿ ಮಾಗುತ್ತದೆ. ನರಗಳ ಸಂಗತಿ ಹಾಗಲ್ಲ. ಅವಕ್ಕೆ ಅನ್ನವೀಯುವ ಕೂದಲೆಳೆಯಂಥ ರಕ್ತನಾಳಗಳು ವರ್ಷಗಳ ಅವಧಿಯಲ್ಲಿ ಕಿರಿದಾಗುತ್ತ ಬರುತ್ತವೆ. ಸುತ್ತಣ ಮೃದುವಾದ ಅಂಗಾಂಶವು ನಾರುಗಟ್ಟಿ ಬಿಗಿಯುತ್ತದೆ. ನರದ ಮೇಲಣ ಕೊಬ್ಬಿನ ಹೊದಿಕೆ ಸವೆಯುತ್ತದೆ. ಹೊಸೂರಿನ ಗುಲಾಬಿ ತೋಟಗಳಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದೀರಿ. ಕಸಿ ಕಟ್ಟಿದ ಪಟ್ಟಿಯನ್ನು ಬಿಚ್ಚಲು ಮರೆತರೆ ಗಿಡ ಆ ತಿಂಗಳೇ ಸಾಯುವುದಿಲ್ಲ. ಚಿಗುರುತ್ತದೆ, ಹೂವನ್ನೂ ಬಿಡುತ್ತದೆ. ಕಾಂಡ ದಪ್ಪವಾದಂತೆ ಪಟ್ಟಿ ಒಳಕ್ಕೆ ಕೊರೆದು, ಒಂದು ದಿನ ಕೊನೆಗಳು ಬಾಡುತ್ತವೆ. ಆದರೆ ಇಲ್ಲಿ ಆ ಪಟ್ಟಿಯನ್ನು ಬಿಚ್ಚುವ ವಿದ್ಯೆ ಇನ್ನೂ ದೊರೆತಿಲ್ಲ. ವಿಟಮಿನ್ ಇ ಮೊದಲಾದ ಕೆಲವು ಔಷಧಗಳನ್ನು ಪ್ರಯೋಗಿಸಿ ನೋಡಿದ್ದಾರಾದರೂ ಸೊರಗಿದ ನರವನ್ನು ಇವು ಮತ್ತೆ ಚಿಗುರಿಸುತ್ತವೆಂಬುದು ಸಿದ್ಧವಾಗಿಲ್ಲ.

ಈ ಮಾತನ್ನು ಕೇಳಿ ಯಾರೂ ವಿಕಿರಣ ಚಿಕಿತ್ಸೆಗೇ ಹೆದರಬಾರದೆಂದು ಕೈಮುಗಿದು ಬೇಡುತ್ತೇನೆ. ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಸಂಸ್ಥೆಯವರು ಗಂಟಲಿನ ಕ್ಯಾನ್ಸರಿನಿಂದ ಉಳಿದ ಎರಡು ಸಾವಿರದಷ್ಟು ಜನರನ್ನು ಕುರಿತು ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಕೆಳನರಗಳ ಸೊರಗು ೫ ವರ್ಷಗಳಾಗುವಷ್ಟರಲ್ಲಿ ನೂರಕ್ಕೆ ೨ರಿಂದ ೩ ಮಂದಿಯಲ್ಲಿ, ೧೦ ವರ್ಷಗಳಿಗೆ ಸುಮಾರು ೬ ಮಂದಿಯಲ್ಲಿ, ೧೫ ವರ್ಷಗಳಿಗೆ ಸುಮಾರು ೧೦ ಮಂದಿಯಲ್ಲಿ ಕಾಣುತ್ತದೆ. ಎಂದರೆ ಬಹುಪಾಲು ಜನರಿಗೆ ಬರುವುದಿಲ್ಲ. ಆದರೆ ವರ್ಷ ಕಳೆದಂತೆ ಭಯ ಕಡಿಮೆಯಾಗುವ ಬದಲು ಸ್ವಲ್ಪ ಸ್ವಲ್ಪವೇ ಏರುತ್ತದೆ. ಇನ್ನೊಂದು ಕಡೆಯನ್ನೂ ನೋಡಬೇಕು. ಹಿಂದೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬಲಿತರೆ ಪೆಟ್ಟಿಗೆಯನ್ನೇ ಕತ್ತರಿಸಿ ತೆಗೆಯಬೇಕಾಗಿತ್ತು. ೧೯೯೧ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲ ಪ್ರಕಟವಾಯಿತು: ಔಷಧವನ್ನೂ ವಿಕಿರಣವನ್ನೂ ಕೊಟ್ಟ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ಧ್ವನಿಪೆಟ್ಟಿಗೆ ಉಳಿಯಿತು, ಆಯುಸ್ಸೂ ಕಡಿಮೆಯಾಗಲಿಲ್ಲ. ಈಚೆಗೆ ಗಂತಿಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ರೂಪಿಸಿ ಸುತ್ತಲ ಅಂಗಗಳನ್ನು ತಪ್ಪಿಸುವ ಯಂತ್ರಗಳೂ ಬಂದಿವೆ. ಕಿರಣವಿಲ್ಲದಿದ್ದರೆ ನನ್ನ ಮಾವನವರು ೨೦೧೦ರ ಶ್ರಾವಣವನ್ನು ಕಾಣುತ್ತಿರಲಿಲ್ಲ. ಅವರೇ ಇದನ್ನು ಹೇಳುತ್ತಾರೆ. ನನ್ನ ದೂರು ಚಿಕಿತ್ಸೆಯ ಮೇಲಲ್ಲ. 'ಮುಂದೆ ಹೀಗಾಗಬಹುದು, ಹೀಗಾದರೆ ಬನ್ನಿ' ಎಂಬ ಎರಡು ಮಾತನ್ನು, ನಮಗೆ ತಿಳಿಯುವ ಭಾಷೆಯಲ್ಲಿ, ಯಾರೂ ಹೇಳಲಿಲ್ಲವಲ್ಲ ಎಂಬುದಷ್ಟೆ.

ಊಟದ ಮಾತನ್ನು ಹೇಳದೆ ಮುಂದುವರಿಯಲಾರೆ, ಏಕೆಂದರೆ ನಾವು ಮುದ್ದೆ ನುಂಗುವ ಜನ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಅಗಿದವನನ್ನು ನೋಡಿ ನಗುವುದೇ ನಮ್ಮ ಸಂಪ್ರದಾಯ. ಆ ಒಂದು ತುತ್ತು ಇಳಿಯುವುದಕ್ಕೆ ಸುಮಾರು ೩೦ ಜೊತೆ ಸ್ನಾಯುಗಳು ಒಂದೆರಡು ಕ್ಷಣಗಳಲ್ಲಿ ಹೊಂದಿಕೊಂಡು ಕೆಲಸ ಮಾಡಬೇಕು. ನಾಲಗೆ ಹಿಂದಕ್ಕೆ ನೂಕಬೇಕು, ಅಂಗುಳು ಏಳಬೇಕು, ಧ್ವನಿಪೆಟ್ಟಿಗೆ ಮೇಲೇರಿ ಬಾಗಿಲು ಮುಚ್ಚಬೇಕು. ಜೊಲ್ಲಿಲ್ಲದ ಬಾಯಿ, ಅರ್ಧ ಸೊರಗಿದ ನಾಲಗೆ ಇರುವವರಿಗೆ ಮುದ್ದೆಯು ಗಂಟಲಲ್ಲಿ ಅಂಟಿ ನಿಲ್ಲುತ್ತದೆ. ನೀರೋ, ಹರಿತವಾಗಿ ಓಡಿ ತಪ್ಪು ಬಾಗಿಲನ್ನು ಹೊಗುತ್ತದೆ. ಆದುದರಿಂದ ತೆಳುವಾದುದೇ ಸುಲಭವೆಂದು ಎಲ್ಲವನ್ನೂ ನೀರು ಮಾಡಿ ಕೊಡುವುದೂ ತಪ್ಪು, ಗಟ್ಟಿಯೇ ಕ್ಷೇಮವೆಂಬುದೂ ತಪ್ಪು. ಯಾರಿಗೆ ಯಾವ ಹದವೆಂಬುದನ್ನು ಆ ಎಕ್ಸ್ ಕಿರಣದ ಚಿತ್ರವನ್ನು ನೋಡಿದವರೇ ಹೇಳಬೇಕು. ಮಾವನವರಿಗೆ ಸಲ್ಲಿದುದು ಸೋಸಿದ, ಸ್ವಲ್ಪ ದಪ್ಪಗಿನ ರಾಗಿ ಅಂಬಲಿ. ಅದೂ ಚಮಚದಲ್ಲಿ, ನೇರವಾಗಿ ಕುಳಿತು, ಮುಖವನ್ನು ಬಲಗುಂದಿದ ಎಡಗಡೆಗೆ ತಿರುಗಿಸಿ, ಒಂದು ತುತ್ತಿಗೆ ಎರಡು ಸಲ ನುಂಗುವುದು. ಸಾಲದ ಪೋಷಣೆಗಾಗಿ ಹೊಟ್ಟೆಗೆ ನೇರವಾಗಿ ಒಂದು ಕೊಳವೆ ಇಟ್ಟಿದ್ದಾರೆ. ಕೊಳವೆ ಎಂದೊಡನೆ ಅತ್ತೆಯವರು ಅತ್ತರು. ಈಗ ಅವರೇ ಅದರಲ್ಲಿ ದಿನಕ್ಕೆ ಐದು ಸಲ ಆಹಾರ ಇಳಿಸುತ್ತಾರೆ, ಮಾವನವರ ಮೈ ತುಂಬಿದೆ. ಮೂರು ಹೊತ್ತೂ ಬಾಯಿ ತೊಳೆದು ಶುಚಿಯಾಗಿಡುವುದೂ ಒಂದು ಔಷಧವೇ. ಕೊಳೆಯ ಬಾಯಿಯ ಜೊಲ್ಲು ಎದೆಗಿಳಿದರೆ ನ್ಯುಮೋನಿಯಾಕ್ಕೆ ಬೇರೆ ಕಾರಣ ಬೇಕಿಲ್ಲ.

ನುಂಗುವ ಮತ್ತು ಮಾತನಾಡುವ ಅಭ್ಯಾಸಗಳನ್ನು ಹೇಳಿಕೊಡುವವರಿಗೆ ವಾಕ್ ಚಿಕಿತ್ಸಕರೆಂದು ಹೆಸರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ತಾವು ಕೇಳಿರಬಹುದು. ಅಲ್ಲಿ ಕಲಿತು ಬಂದವರು ಎಷ್ಟೋ ಕಡೆ ಈ ಕೆಲಸದಲ್ಲಿದ್ದಾರೆ. ಇಲ್ಲಿ ನಮ್ಮ ಸಂಘಕ್ಕೆ ಸಂಬಂಧಿಸಿದ ಒಂದು ಮಾತುಂಟು. ಮಾವನವರಿಗೆ ಮೊದಲು ದೊರೆತ ಅಭ್ಯಾಸದ ಹಾಳೆಯಲ್ಲಿದ್ದ ಶಬ್ದಗಳು ಇಂಗ್ಲಿಷಿನವು, ಎರಡನೆಯದರಲ್ಲಿ ತಮಿಳಿನವು. ಅವರು ಎರಡನ್ನೂ ಮಡಿಸಿ ಇಟ್ಟರು. ಎಪ್ಪತ್ತರ ಮುದುಕನು ತಾನು ಕನಸಿನಲ್ಲಿಯೂ ಆಡದ ಶಬ್ದಗಳನ್ನು ದಿನಕ್ಕೆ ನೂರು ಸಲ ಏಕೆ ಆಡಬೇಕು? ಆ ವಾಕ್ ಚಿಕಿತ್ಸಕಿಯ ಅಪ್ಪಣೆ ಪಡೆದು ನಾನೇ ಒಂದು ಹಾಳೆಯನ್ನು ಬರೆದುಕೊಟ್ಟೆ: ಅಟ್ಟ, ಕಟ್ಟೆ, ಹಳ್ಳಿ, ಕೊಳಲು, ಬಾಣ, ಕಣಜ. ಮೂರ್ಧನ್ಯಗಳಿಂದ ಕಿಕ್ಕಿರಿದ ಹಾಳೆ. ಅವಳು ಅದನ್ನು ನೋಡಿ, "ಇನ್ನೆರಡು ಪ್ರತಿ ಕೊಡಿ ಸಾರ್, ಬೇರೆಯವರಿಗೂ ಬೇಕು" ಎಂದಳು. ನಾನು ಬರೆದ ಪುಸ್ತಕಗಳಲ್ಲಿ ಎರಡನೆಯ ಮುದ್ರಣ ಕಂಡುದು ಅದೊಂದೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ತಮ್ಮ ಮನೆಯಲ್ಲಿ ಕತ್ತಿಗೆ ಕರೆಂಟು ಇಡಿಸಿಕೊಂಡವರಿದ್ದರೆ, ಐದು ವರ್ಷವಾಗಲಿ ಇಪ್ಪತ್ತು ವರ್ಷವಾಗಲಿ, ಎಷ್ಟು ಕಿರಣ ಕೊಟ್ಟರೆಂಬ ಕಾಗದವನ್ನು ಎಸೆಯಬೇಡಿ. ಬೇರೆ ಯಾವ ಕಾಯಿಲೆಗೆ ಹೋದರೂ ಆ ವೈದ್ಯರಿಗೆ ಇದನ್ನು ತಿಳಿಸಿ. ಹಲ್ಲು ಕೀಳಿಸುವ ಮೊದಲಂತೂ ತಿಳಿಸಲೇಬೇಕು, ಕಿರಣ ತಗುಲಿದ ದವಡೆಯ ಮೂಳೆ ಸುಲಭವಾಗಿ ಮಾಯುವುದಿಲ್ಲ. ಕತ್ತಿನ ಥೈರಾಯಿಡ್ ಗ್ರಂಥಿ ಮಂದವಾಗುವುದುಂಟು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಮಾತ್ರೆಯಿಂದ ಸರಿಹೋಗುತ್ತದೆ. ಪದೇ ಪದೇ ನೆತ್ತಿಗೆ ಹತ್ತುವುದು, ದನಿ ಒಡೆಯುವುದು, ನಾಲಗೆ ಓರೆಯಾಗುವುದು, ಹೆಗಲು ಇಳಿಯುವುದು, ಕಾರಣವಿಲ್ಲದೆ ಎದೆಯ ಜ್ವರ ಮರಳುವುದು, ಊಟಕ್ಕೆ ಒಬ್ಬರೇ ಕೂಡುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತೋರಿಸಿ. ಹಳೆಯ ರೋಗ ಮರುಕಳಿಸಿದರೂ ಇವೇ ಚಿಹ್ನೆಗಳು ಕಾಣುವುದರಿಂದ, ಯಾವುದೆಂಬುದನ್ನು ಪರೀಕ್ಷೆಯೇ ನಿರ್ಣಯಿಸಬೇಕು, ಬಂಧುಗಳಲ್ಲ. ಈಗ ಚಿಕಿತ್ಸೆಯಲ್ಲಿರುವವರು ಬಾಯಿ ಹುಣ್ಣಾಗಿದೆಯೆಂದು ನುಂಗುವುದನ್ನೇ ನಿಲ್ಲಿಸದೆ, ವೈದ್ಯರು ಒಪ್ಪುವಷ್ಟನ್ನು ನುಂಗುತ್ತಲೇ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಹೊಗೆಸೊಪ್ಪಿನ ವಿಚಾರವನ್ನು ನಾನು ಹೇಳಬೇಕಾದುದೇ ಇಲ್ಲ. ಅಡಿಕೆ ಬರಿಯದಾದರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನ ವಿಭಾಗವು ೨೦೦೪ರಲ್ಲಿಯೇ ಪ್ರಕಟಿಸಿದೆ. ಈ ಸಭೆಯ ಬಾಗಿಲಲ್ಲಿ ತಟ್ಟೆಯಲ್ಲಿ ಇಟ್ಟಿರುವುದನ್ನು ನೋಡಿಯೇ ಒಳಗೆ ಬಂದೆ, ಕಾರ್ಯದರ್ಶಿಗಳು ಇನ್ನೊಮ್ಮೆ ಕ್ಷಮಿಸಬೇಕು.

ಕಳೆದ ಶ್ರಾವಣದಲ್ಲಿ ಮಾವನವರ ಮನೆಯಲ್ಲಿ ವಾಚನ ನಡೆಯಿತು. ಓದಿದವನು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗ. ಮನೆಮಾತು ತೆಲುಗು, ಕಲಿಯುವುದು ಕನ್ನಡದಲ್ಲಿ. ಮಾವನವರು ಅವನ ಪಕ್ಕದಲ್ಲಿ, ಗೋಡೆಗೆ ಒರಗಿ, ನೇರವಾಗಿ ಕುಳಿತಿದ್ದರು. ಅವರು ಒಂದು ಮಾತನ್ನೂ ಆಡಲಿಲ್ಲ. ಹುಡುಗನು ಳಕಾರವನ್ನು ಲಕಾರ ಮಾಡಿದಾಗಲೆಲ್ಲ ವ್ಯಾಸಪೀಠದ ಅಂಚನ್ನು ಬೆರಳಿನಿಂದ ಒಂದು ಸಲ ತಟ್ಟುತ್ತಿದ್ದರು. ಮೊದಲ ರಾತ್ರಿ ಹದಿನಾರು ಸಲ ತಟ್ಟಿ ಎಣಿಸಿದೆ. ಎಂಟನೆಯ ರಾತ್ರಿ ಎರಡೇ ಸಲ.